ರಿಜೆಕ್ಟ್ ಆದ ಬಂಗುಡೆ

ಮಂಗಳೂರಿನ ಕಂಕನಾಡಿ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ಬೆಳಿಗ್ಗೆ ಬೇಗ ಹೋಗಿ ನಿಂತು ಈ ಅಂಕಣಕಾರ ತೆಗೆದ ಬಂಗುಡೆಯ ಫೋಟೊವನ್ನು ಮನೆಯವರೆಲ್ಲ ಹೊಗಳಿದ್ದರು. ಬಲ್ಬಿನ ಹಳದಿ ಬೆಳಕು, ಐಸಿನ ಮೇಲೆ ಮಿರಿಮಿರಿ ಹೊಳೆಯುವ ಮೀನು, ಹಿಂದೆ ತಕ್ಕಡಿ ಹಿಡಿದ ಅಕ್ಕನ ನಗು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದಾಗ ನಲವತ್ತು ಮಂದಿ ಹಾರ್ಟ್ ಒತ್ತಿದರು. "ಇದನ್ನು ಮಾರಿದ್ರೆ ಡಾಲರ್ ಬರ್ತದೆ ಮಾರಾಯ್ರೆ" ಎಂದು ಗೆಳೆಯನೊಬ್ಬ ಹುರಿದುಂಬಿಸಿದ. ಸರಿ, ಅದನ್ನೂ ಇನ್ನೂ ಒಂಬತ್ತು ಚಿತ್ರಗಳನ್ನೂ ಒಂದು ಸ್ಟಾಕ್ ಫೋಟೊ ಏಜೆನ್ಸಿಗೆ ಕಳಿಸಿದ್ದಾಯಿತು. ಮೂರನೇ ದಿನ ಉತ್ತರ ಬಂತು. ಹತ್ತರಲ್ಲಿ ಎಂಟು ರಿಜೆಕ್ಟ್. ಬಂಗುಡೆಯೊಂದಕ್ಕೇ ಮೂರು ಕಾರಣ ಕೊಟ್ಟಿದ್ದರು: ನಾಯ್ಸ್, ಟ್ರೇಡ್‌ಮಾರ್ಕ್, ಮಾಡೆಲ್ ರಿಲೀಸ್ ಇಲ್ಲ.

ಸಿಟ್ಟು ಬಂತು. ಒಂದು ವಾರ ಕ್ಯಾಮೆರಾ ಮುಟ್ಟಲಿಲ್ಲ.

ಸಿಟ್ಟು ಇಳಿದ ಮೇಲೆ ಈ ವ್ಯಾಪಾರ ಏನೆಂದು ನೋಡಿದರೆ, ಅದು ರೆಡಿಮೇಡ್ ಬಟ್ಟೆಯ ಅಂಗಡಿ. ಪತ್ರಿಕೆ, ಜಾಹೀರಾತು ಕಂಪನಿ, ಬ್ಯಾಂಕು, ಮಸಾಲೆ ಪ್ಯಾಕೆಟ್ ಮಾಡುವವರು, ಹೀಗೆ ಫೋಟೊಗ್ರಾಫರನ್ನು ಕರೆಸಲು ಪುರುಸೊತ್ತಿಲ್ಲದವರೆಲ್ಲ ಅಲ್ಲಿಗೆ ಬರುತ್ತಾರೆ. ಜಾನ್ ಓರಿಂಜರ್ ಎಂಬ ಅಮೆರಿಕದವ 2003ರಲ್ಲಿ ತಾನೇ ತೆಗೆದ ಸುಮಾರು 30,000 ಫೋಟೊಗಳನ್ನು ಇಟ್ಟುಕೊಂಡು ಶಟರ್‌ಸ್ಟಾಕ್ ತೆರೆದ. ಅದಕ್ಕಿಂತ ಮೊದಲೇ, 2000ದಲ್ಲಿ, ಕೆನಡಾದ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೊ ಶುರು ಮಾಡಿದ್ದರು. 2006ರಲ್ಲಿ ಗೆಟ್ಟಿ ಇಮೇಜಸ್ ಅದನ್ನು 5 ಕೋಟಿ ಡಾಲರಿಗೆ ಕೊಂಡಿತು. ಇಂಥ ಅಂಗಡಿಯ ಗಲ್ಲೆಯಲ್ಲಿ ಕೂತವರಿಗೆ ಚಿತ್ರ ಚೆನ್ನಾಗಿದೆಯೇ ಎನ್ನುವುದು ಎರಡನೆಯ ಪ್ರಶ್ನೆ. ಇದನ್ನು ಕೊಂಡವನು ನಾಳೆ ಹಣ ವಾಪಸ್ ಕೇಳಿಯಾನೇ, ಅವನ ಮನೆಗೆ ವಕೀಲರ ನೋಟಿಸ್ ಬಂದೀತೇ ಎನ್ನುವುದೇ ಮೊದಲನೆಯದು. ಆ ಕಣ್ಣಿನಿಂದ ಬಂಗುಡೆಯನ್ನು ಮತ್ತೆ ನೋಡಬೇಕಾಯಿತು.

ಮೊಬೈಲ್ ತೆರೆಯ ಮೇಲೆ ಚಂದ ಕಂಡ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆದಾಗ ಗುಟ್ಟು ರಟ್ಟಾಯಿತು. ಬೆಳಕು ಸಾಲದೆ ಐಎಸ್‌ಒ 6400ಕ್ಕೆ ಏರಿಸಿದ್ದರಿಂದ ನೆರಳಿದ್ದ ಕಡೆಯೆಲ್ಲ ಅಕ್ಕಿತರಿ ಚೆಲ್ಲಿದ ಹಾಗಿತ್ತು. ಅವರು ನಾಯ್ಸ್ ಅಂದದ್ದು ಇದನ್ನೇ. ಫೋಕಸ್ ಮೀನಿನ ಕಣ್ಣಿನ ಮೇಲಿರಲಿಲ್ಲ, ಬಾಲದ ಮೇಲಿತ್ತು. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಎರಡೂ ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. ಅಷ್ಟನ್ನು ಇವತ್ತಿನ ಯಾವ ಫೋನಾದರೂ ಕೊಡುತ್ತದೆ. ಚಿತ್ರಗಳು ಸೋಲುವುದು ಗಾತ್ರದಲ್ಲಲ್ಲ, ಹೀಗೆ ಹಿಗ್ಗಿಸಿ ನೋಡಿದಾಗ.

ಇನ್ನೆರಡು ಚಿತ್ರ ಬಿದ್ದದ್ದು ಮಂಗಳೂರಿನ ಹವೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು, ಲೆನ್ಸ್ ಬಿಟ್ಟೀತೇ? ಗಾಜಿನ ಒಳಗೆ ಜೇಡನ ಬಲೆಯಂತೆ ಫಂಗಸ್ ಹಬ್ಬಿತ್ತು. ಬಿಸಿಲಿಗೆ ಎದುರಾಗಿ ತೆಗೆದ ಚಿತ್ರವೆಲ್ಲ ಮಂಜು ಮಂಜು. ಗಾಳಿಯಾಡದ ಡಬ್ಬಿ, ಅದರೊಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಮೊದಲೇ ಇಟ್ಟಿದ್ದರೆ ರಿಪೇರಿ ಖರ್ಚು ಉಳಿಯುತ್ತಿತ್ತು.

ಟ್ರೇಡ್‌ಮಾರ್ಕಿನ ತಕರಾರು ಎಲ್ಲಿಂದ ಬಂತು? ಮೀನು ಹಾಕಿದ್ದ ನೀಲಿ ಟಬ್ಬಿನ ಅಂಚಿನಲ್ಲಿ ಪ್ಲಾಸ್ಟಿಕ್ ಕಂಪನಿಯ ಹೆಸರು ಅಚ್ಚಾಗಿತ್ತು. ತೆಗೆಯುವಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ. ಅದೇ ಕಂತಿನಲ್ಲಿ ಮಳೆಯಲ್ಲಿ ತೊಯ್ದ ಕಂಕನಾಡಿ ಸರ್ಕಲ್ಲಿನ ಚಿತ್ರವೂ ಇತ್ತು. ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನ ಮೈಮೇಲೆ ಜಾಹೀರಾತು, ರಿಕ್ಷಾದ ಮುಂದೆ ಕಂಪನಿ ಗುರುತು, ಹಿಂದೆ ಚಿನ್ನದಂಗಡಿಯ ಬೋರ್ಡು. ನಮಗೆ ಅದು ಊರಿನ ಚಿತ್ರ. ಪರೀಕ್ಷಕರಿಗೆ ಮೂರು ಬೇರೆ ಬೇರೆ ಮಾಲೀಕರ ಸ್ವತ್ತು. ಕಟ್ಟಡಗಳೂ ಹೀಗೆಯೇ. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಹೊರರೂಪಕ್ಕೆ 2017ರಲ್ಲಿ ಟ್ರೇಡ್‌ಮಾರ್ಕ್ ಸಿಕ್ಕಿತು. ಐಫೆಲ್ ಗೋಪುರವನ್ನು ಹಗಲಲ್ಲಿ ತೆಗೆದು ಮಾರಬಹುದು. ರಾತ್ರಿಯ ದೀಪಾಲಂಕಾರದ ಮೇಲೆ ಹಕ್ಕು ಬೇರೆಯವರದು.

ಮಾಡೆಲ್ ರಿಲೀಸ್ ಎಂದರೆ, ಮುಖ ಗುರುತು ಸಿಗುವ ವ್ಯಕ್ತಿ "ನನ್ನ ಚಿತ್ರವನ್ನು ವಾಣಿಜ್ಯಕ್ಕೆ ಬಳಸಬಹುದು" ಎಂದು ಸಹಿ ಹಾಕಿಕೊಡುವ ಕಾಗದ. ಮುದ್ರಿಸಿಕೊಂಡು ಹೋಗಿ ಮೀನಿನ ಅಕ್ಕನ ಮುಂದೆ ಹಿಡಿದಾಗ ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಎಂತಕ್ಕೆ ಸೈನು? ಸೊಸೈಟಿ ಸಾಲಕ್ಕೆ ಜಾಮೀನಾ?" ವಿವರಿಸಿದ ಮೇಲೂ ಹಾಕಲಿಲ್ಲ, ಹಾಕದಿದ್ದದ್ದು ಅವರ ಹಕ್ಕು. "ಕೈ ಬೇಕಾದ್ರೆ ತೆಗೀರಿ" ಎಂದರು. ತಕ್ಕಡಿ ಹಿಡಿದ ಎರಡು ಕೈಗಳ ಆ ಚಿತ್ರಕ್ಕೆ ಕಾಗದ ಬೇಕಾಗಲಿಲ್ಲ, ಮೊದಲ ಸಲಕ್ಕೇ ಪಾಸಾಯಿತು.

ಸಹಿ ಸಿಗದ ಮುಖಗಳಿಗೆ ಎಡಿಟೋರಿಯಲ್ ಎಂಬ ಇನ್ನೊಂದು ಬಾಗಿಲಿದೆ. ಸುದ್ದಿಗೆ, ಲೇಖನಕ್ಕೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ. ಭೂತಕೋಲದ ಚಿತ್ರ ಹೋಗಬೇಕಾದದ್ದು ಈ ಬಾಗಿಲಿನಿಂದಲೇ. ದೈವದ ಮುಖವರ್ಣಿಕೆ ನಾಳೆ ಎಣ್ಣೆ ಪ್ಯಾಕೆಟಿನ ಮೇಲೆ ಕಂಡರೆ ಊರಿನವರು ಸುಮ್ಮನಿರುವುದಿಲ್ಲ. ಆದರೆ ಇಲ್ಲಿ ಊರು, ದೇಶ, ತೆಗೆದ ದಿನಾಂಕ, ಏನು ನಡೆಯುತ್ತಿದೆ ಎಂಬುದನ್ನು ಶೀರ್ಷಿಕೆಯಲ್ಲಿ ಕೇಳಿದ ಕ್ರಮದಲ್ಲೇ ಬರೆಯಬೇಕು. ದಿನಾಂಕ ಮರೆತು ಕಳಿಸಿದ್ದಕ್ಕೆ ಆರು ಚಿತ್ರ ಒಟ್ಟಿಗೇ ವಾಪಸ್ ಬಂದವು.

ಅತಿಯಾಸೆಯ ರಿಜೆಕ್ಟುಗಳೂ ಇವೆ. ಪಣಂಬೂರಿನ ಒಂದೇ ಸೂರ್ಯಾಸ್ತದ ಹದಿನಾಲ್ಕು ಚಿತ್ರ ಕಳಿಸಿದರೆ "ಎಲ್ಲ ಒಂದೇ ಥರ" ಎಂದು ಬರುತ್ತದೆ. ಹುಡುಕುವವರಿಗೆ ಸಿಗಲಿ ಎಂದು ಅದಕ್ಕೆ ಗೋವಾ, ಕೇರಳ ಎಂಬ ಕೀವರ್ಡುಗಳನ್ನು ತುರುಕಿದ ಜಾಣತನಕ್ಕೂ ತಕ್ಕ ಉತ್ತರ ಸಿಕ್ಕಿತು.

ಇನ್ನು ದುಡ್ಡಿನ ಮಾತು. ಅಡೋಬಿ ಸ್ಟಾಕ್ ಫೋಟೊಗೆ ಕೊಡುವ ಪಾಲು ಶೇ 33. ಶಟರ್‌ಸ್ಟಾಕ್ 2020ರ ಜೂನ್‌ನಿಂದ ಶೇ 15ರಿಂದ 40ರವರೆಗಿನ ಮೆಟ್ಟಿಲು ಇಟ್ಟಿದೆ. ಪ್ರತಿ ಜನವರಿ 1ಕ್ಕೆ ಎಲ್ಲರೂ ಕೆಳಗಿನ ಮೆಟ್ಟಿಲಿಗೆ ಬರಬೇಕು. ಆಗ ಗೊತ್ತುಮಾಡಿದ ಕನಿಷ್ಠ ದರ ಒಂದು ಡೌನ್‌ಲೋಡಿಗೆ 10 ಸೆಂಟ್, ನಮ್ಮ ಲೆಕ್ಕದಲ್ಲಿ ಒಂದು ಚಾದ ದುಡ್ಡೂ ಅಲ್ಲ. ತೆರಿಗೆಯ ಡಬ್ಲ್ಯು-8ಬೆನ್ ನಮೂನೆಯಲ್ಲಿ ಪ್ಯಾನ್ ನಂಬರ್ ತುಂಬಿಸದಿದ್ದರೆ ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಶೇ 30 ಹಿಡಿಯುತ್ತಾರೆ. ತುಂಬಿಸಿದರೆ ಎರಡು ದೇಶಗಳ ಒಪ್ಪಂದದಂತೆ ಶೇ 15. ಬಂದದ್ದು ಎಷ್ಟೇ ಸಣ್ಣದಿರಲಿ, ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಬೇಕು.

ಒಂದು ವರ್ಷದಲ್ಲಿ ಅಂಕಣಕಾರ ಕಳಿಸಿದ್ದು 210, ಪಾಸಾದದ್ದು 124, ಡೌನ್‌ಲೋಡ್ 58. ಅದರಲ್ಲಿ 14 ಸಲ ಹೋದದ್ದು ಬಾಳೆಲೆಯ ಮೇಲಿಟ್ಟ ಒಂದು ಅಟ್ಟೆ ಉಡುಪಿ ಮಲ್ಲಿಗೆ. ಕಿಟಕಿಯ ಬೆಳಕಿನಲ್ಲಿ ಐದು ನಿಮಿಷದಲ್ಲಿ ತೆಗೆದದ್ದು ಅದು. ಮುಖ ಇಲ್ಲ, ಬೋರ್ಡಿಲ್ಲ, ಮೇಲೆ ಅಕ್ಷರ ಬರೆಯಲು ಬೇಕಾದಷ್ಟು ಖಾಲಿ ಜಾಗ. ಎಲ್ಲರೂ ಹೊಗಳಿದ ಪಣಂಬೂರಿನ ಸೂರ್ಯಾಸ್ತ ಕೊನೆಗೂ ಪಾಸಾಯಿತು, ಆದರೆ ಇವತ್ತಿನವರೆಗೆ ಒಬ್ಬರೂ ಕೊಂಡಿಲ್ಲ.

ಕೈಗೆ ಹಣ ಬಂದದ್ದು ಒಂದೇ ಸಲ, 26 ಡಾಲರ್. ಬ್ಯಾಂಕಿಗೆ ಜಮೆಯಾದದ್ದು 2,140 ರೂಪಾಯಿ. ಲೆನ್ಸಿನ ಬೂಷ್ಟು ತೆಗೆಸಿದ್ದಕ್ಕೆ 1,800 ಹೋಯಿತು. ಉಳಿದ 340ರಲ್ಲಿ, ಅದೇ ಸಾಲಿನ ಅದೇ ಅಕ್ಕನಿಂದ, ಒಂದು ಕಿಲೋ ಬಂಗುಡೆ ಬಂತು.