ನೆರಳಿಗೆ ಗಡಿಯಿಲ್ಲ: ಸಾರ್ವಜನಿಕ ಭೂಮಿಯಲ್ಲಿ ಹಂಚಿಕೆಯ ತೋಟಗಳು

ಭೂಮಿಯನ್ನು ಗೆರೆ ಎಳೆದು ಹಂಚಬಹುದು. ಬಿಸಿಲನ್ನೂ ನೀರನ್ನೂ ಹಾಗೆ ಹಂಚಲಾಗದು. ಸಾರ್ವಜನಿಕ ಭೂಮಿಯಲ್ಲಿ ಹಲವರು ಸೇರಿ ತೋಟಮಾಡುವಾಗ ತಲೆದೋರುವ ತೊಡಕುಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ.

ಅಮೆರಿಕದ ಬಾಸ್ಟನ್ ನಗರದ ಫೆನ್ಸ್ ಉದ್ಯಾನವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಜೌಗು ನೆಲವಾಗಿದ್ದ ಈ ಪ್ರದೇಶಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉದ್ಯಾನಶಿಲ್ಪಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರು ರೂಪ ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಆಹಾರ ಬೆಳೆಯುವುದಕ್ಕಾಗಿ ಇದರ ಒಂದು ಭಾಗವನ್ನು ತಾಕುಗಳಾಗಿ ವಿಂಗಡಿಸಿ ನಾಗರಿಕರಿಗೆ ಕೊಡಲಾಯಿತು. ಯುದ್ಧ ಮುಗಿದರೂ ತೋಟ ಉಳಿಯಿತು. ಇಂದು ಅಲ್ಲಿ ಸುಮಾರು 7 ಎಕರೆಯಲ್ಲಿ 500ರಷ್ಟು ತಾಕುಗಳಿವೆ. ಭೂಮಿ ನಗರದ್ದು, ದಿನದಿನದ ನಿರ್ವಹಣೆ ತೋಟಗಾರರ ಸಂಘದ್ದು. ಅದೇ ಉದ್ಯಾನದಲ್ಲಿ ಮಡ್ಡಿ ಎಂಬ ಸಣ್ಣ ನದಿಯೂ ಹರಿಯುತ್ತದೆ.

ನೆರಳಿನ ಲೆಕ್ಕ

ಬಾಸ್ಟನ್ ಸುಮಾರು 42° ಉತ್ತರ ಅಕ್ಷಾಂಶದಲ್ಲಿದೆ. ಸೆಪ್ಟೆಂಬರ್ ತಿಂಗಳ ವಿಷುವದಿನದ ನಡುಹಗಲಿನಲ್ಲಿ ಅಲ್ಲಿ ಸೂರ್ಯನ ಉನ್ನತಿ 90°ಯಲ್ಲಿ 42° ಕಳೆದರೆ ಬರುವಷ್ಟು, ಎಂದರೆ 48°. ಆಗ 6 ಅಡಿ ಎತ್ತರದ ಅವರೆ ಚಪ್ಪರದ ನೆರಳು ಉತ್ತರಕ್ಕೆ ಸುಮಾರು 5.4 ಅಡಿ ಚಾಚುತ್ತದೆ. ಉತ್ತರ-ದಕ್ಷಿಣವಾಗಿ 15 ಅಡಿ ಇರುವ ತಾಕಿನಲ್ಲಿ ಇದು ಮೂರನೆಯ ಒಂದು ಪಾಲಿಗಿಂತ ಹೆಚ್ಚು. 13° ಅಕ್ಷಾಂಶದ ಬೆಂಗಳೂರಿನಲ್ಲಾದರೋ ಅದೇ ದಿನ ಅದೇ ಚಪ್ಪರದ ನೆರಳು 1.4 ಅಡಿ ಮಾತ್ರ.

ಚಪ್ಪರವನ್ನು ಎಲ್ಲಿ ನಿಲ್ಲಿಸಬೇಕು? ತನ್ನ ಗಿಡಗಳಿಗೆ ಬಿಸಿಲು ತಪ್ಪದಿರಲೆಂದು ಯಾರೇ ಆದರೂ ತಾಕಿನ ಉತ್ತರದ ಅಂಚನ್ನೇ ಆರಿಸಿಕೊಳ್ಳುವರು. ಆಗ ಲಾಭವೆಲ್ಲ ತನಗೆ, ನೆರಳೆಲ್ಲ ನೆರೆಯವನಿಗೆ. ಚಪ್ಪರ, ಬೇಲಿಗಳ ಎತ್ತರಕ್ಕೆ ಮಿತಿ ಹಾಕುವ ನಿಯಮದ ಹಿಂದಿರುವುದು ಅಧಿಕಾರಿಯ ಹಟವಲ್ಲ, ತ್ರಿಕೋಣಮಿತಿ.

ನೀರು ಮತ್ತು ಗೊಬ್ಬರ

ತರಕಾರಿ ಗಿಡಗಳಿಗೆ ಬೇಸಗೆಯಲ್ಲಿ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂದು ಇಟ್ಟುಕೊಳ್ಳೋಣ. 35 ಚದರ ಮೀಟರಿನ ತಾಕಿಗೆ ಇದು 875 ಲೀಟರ್. ನಿಮಿಷಕ್ಕೆ 15 ಲೀಟರ್ ಕೊಡುವ ಒಂದು ನಲ್ಲಿಯನ್ನು ಹತ್ತು ತಾಕುಗಳು ಹಂಚಿಕೊಂಡರೆ, ಅದು ವಾರಕ್ಕೆ ಸುಮಾರು ಹತ್ತು ಗಂಟೆ ಹರಿಯಬೇಕು. ಎಲ್ಲರೂ ಭಾನುವಾರ ಬೆಳಗ್ಗೆಯೇ ಬಂದರೆ ಜಗಳ ನಿಶ್ಚಯ. ಸರದಿ ಇದ್ದರೆ ನೀರು ಸಾಕು. ನೆಲಕ್ಕೆ ಒಣ ಎಲೆಯ ಹೊದಿಕೆ ಹಾಕಿದರೆ ಆವಿಯಾಗುವ ನೀರೂ ಕಡಿಮೆಯಾಗುತ್ತದೆ.

ಗೊಬ್ಬರದ ವಿಷಯ ಇನ್ನೂ ಸೂಕ್ಷ್ಮವಾದುದು. ಕೊಳದ ಒಂದು ಲೀಟರ್ ನೀರಿನಲ್ಲಿ 0.03 ಮಿಲಿಗ್ರಾಂನಷ್ಟು ರಂಜಕವಿದ್ದರೂ ಪಾಚಿ ಹುಲುಸಾಗಿ ಬೆಳೆಯಬಲ್ಲದು. ಈ ಲೆಕ್ಕದಲ್ಲಿ ಕೊಚ್ಚಿಹೋದ ಒಂದೇ ಗ್ರಾಂ ರಂಜಕ ಸುಮಾರು 33,000 ಲೀಟರ್ ನೀರನ್ನು ಕೆಡಿಸಲು ಸಾಕು. ಪಾಚಿ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಇಲ್ಲಿ ನಷ್ಟ ಪಕ್ಕದ ತಾಕಿನವನಿಗಷ್ಟೇ ಅಲ್ಲ, ತೋಟಕ್ಕೆ ಎಂದೂ ಕಾಲಿಡದ ನಾಗರಿಕನಿಗೂ ಉಂಟು. ಸಂರಕ್ಷಿತ ಭೂಮಿಯಲ್ಲಿ ಗೊಬ್ಬರವನ್ನು ಅಳೆದು ಹಾಕಬೇಕು, ನೀರಿನ ದಂಡೆಗೆ ಹುಲ್ಲಿನ ಪಟ್ಟಿಯೊಂದನ್ನು ಬಿಡಬೇಕು ಎನ್ನುವುದು ಇದರಿಂದಲೇ.

ನಿಯಮ ಯಾರದು?

ಲಾಭ ಒಬ್ಬನಿಗೆ, ನಷ್ಟ ಎಲ್ಲರಿಗೆ ಎಂಬ ಸ್ಥಿತಿಯಲ್ಲಿ ಹಂಚಿಕೆಯ ಸ್ವತ್ತು ಹಾಳಾಗುವುದು ಅನಿವಾರ್ಯವೆಂದು ಗ್ಯಾರೆಟ್ ಹಾರ್ಡಿನ್ ಅವರು 1968ರಲ್ಲಿ ವಾದಿಸಿದರು. ಎಲಿನರ್ ಆಸ್ಟ್ರಮ್ ಅವರು ಹಲವು ದೇಶಗಳ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಪರಿಶೀಲಿಸಿ, ಅದು ಅನಿವಾರ್ಯವಲ್ಲವೆಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಗಡಿ ಸ್ಪಷ್ಟವಾಗಿರಬೇಕು, ನಿಯಮಕ್ಕೆ ಒಳಪಡುವವರೇ ಅದನ್ನು ರೂಪಿಸುವುದರಲ್ಲಿ ಸೇರಿರಬೇಕು, ಪಾಲನೆಯನ್ನು ಗಮನಿಸುವವರಿರಬೇಕು, ದಂಡನೆ ಎಚ್ಚರಿಕೆಯಿಂದ ತೊಡಗಿ ಮೆಟ್ಟಿಲುಮೆಟ್ಟಿಲಾಗಿ ಏರಬೇಕು. ಇಂಥ ಕಡೆ ಹಂಚಿಕೆ ಬಹುಕಾಲ ಬಾಳಿದೆ. 2009ರಲ್ಲಿ ಆಕೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಪ್ರಥಮ ಮಹಿಳೆಯಾದರು.

ಪ್ರಕೃತಿಯ ನಿಯಮವನ್ನು ನಾವು ಬದಲಿಸಲಾರೆವು. ಅದಕ್ಕೆ ಹೊಂದುವಂತೆ ನಮ್ಮ ನಿಯಮವನ್ನು ರೂಪಿಸಿಕೊಳ್ಳಬಲ್ಲೆವು. ಕಾರಣ ತಿಳಿದವನಿಗೆ ನಿಯಮ ಹೊರೆಯೆನಿಸದು.

ಅಭ್ಯಾಸ: ವಿಷುವದಿನದಂದು ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ಅತಿ ಗಿಡ್ಡ ನೆರಳನ್ನು ಅಳೆಯಿರಿ. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿದರೆ ನಿಮ್ಮ ಊರಿನ ಅಕ್ಷಾಂಶದ ಟ್ಯಾಂಜೆಂಟ್ ದೊರೆಯುತ್ತದೆ. ಅನಂತರ ನಿಮ್ಮ ಶಾಲೆಯ ತೋಟದಲ್ಲಿ ಚಪ್ಪರವನ್ನು ಎಲ್ಲಿ ಹಾಕಬಹುದೆಂದು ನೀವೇ ನಿರ್ಧರಿಸಿರಿ.