ಅಂಗಳದಲ್ಲೊಂದು ಜ್ವಾಲಾಮುಖಿ: ಉಕ್ಕಿಸಲು ಹನ್ನೆರಡು ಸೂತ್ರಗಳು

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಬಂತೆಂದರೆ ಶಾಲೆಯ ವಸ್ತುಪ್ರದರ್ಶನದಲ್ಲಿ ಒಂದಾದರೂ ಜ್ವಾಲಾಮುಖಿ ಇದ್ದೇ ಇರುತ್ತದೆ. ಥರ್ಮೋಕೋಲಿನ ಬೆಟ್ಟ, ಅದರ ಸುತ್ತ ಪ್ಲಾಸ್ಟಿಕ್ ಮರಗಳು. ಅತಿಥಿಗಳು ಬಂದಾಗ ಒಮ್ಮೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಆ ಬೆಟ್ಟ ಕಟ್ಟಿದವರು ಹಿಂದಿನ ರಾತ್ರಿ ನಿದ್ದೆಗೆಟ್ಟ ಅಪ್ಪ ಅಮ್ಮ. ಮಗು ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ, ಏಕೆಂದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಮಗುವಿನಿಂದ ಇಷ್ಟು ಪ್ರಶ್ನೆ ಕೇಳಿಸುವ ಪ್ರಯೋಗ ಇನ್ನೊಂದಿಲ್ಲ.

ಕೆಲವು ಬೇಸಿಗೆ ರಜೆಗಳಿಂದ ಅಕ್ಕಪಕ್ಕದ ಮನೆಯ ಮಕ್ಕಳನ್ನೆಲ್ಲ ಸೇರಿಸಿಕೊಂಡು ನಮ್ಮ ಅಂಗಳದಲ್ಲಿ ಇದನ್ನು ಮಾಡುತ್ತ ಬಂದಿದ್ದೇನೆ. ನನಗೆ ಮನದಟ್ಟಾದ ಮಾತು ಒಂದೇ: ಮೊದಲ ಸಲ ಉಕ್ಕಿದ್ದು ಸಂಭ್ರಮಕ್ಕೆ, ವಿಜ್ಞಾನ ಶುರುವಾಗುವುದು ಎರಡನೆಯ ಸಲದಿಂದ. ಕೆಳಗಿನ ಸೂತ್ರಗಳೆಲ್ಲ ಆ ಎರಡನೆಯ ಸಲಕ್ಕಾಗಿ.

1. ಸೋಡಾ ಯಾವುದೆಂದು ಮೊದಲು ನೋಡಿ

ವಿನೆಗರ್ ಸುರಿದು ಉಕ್ಕಿಸಲು ಬೇಕಾದದ್ದು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್. ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಸೋಡಾ ಸ್ವಲ್ಪವೇ ಇರುತ್ತದೆ, ಉಳಿದದ್ದು ಒಣ ಆಮ್ಲ ಮತ್ತು ಪಿಷ್ಟ, ಉಕ್ಕು ಸಪ್ಪೆಯಾಗುತ್ತದೆ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾವಂತೂ ಮಕ್ಕಳ ಕೈಗೆ ಸಿಗಲೇಬಾರದು. ಅದು ಚರ್ಮವನ್ನೂ ಕಣ್ಣನ್ನೂ ಉರಿಸುತ್ತದೆ. ಡಬ್ಬಿಯ ತಳದಲ್ಲಿ ಹಳೆಯ ಸೋಡಾ ಗಟ್ಟಿಯಾಗಿ ಕೂತಿದ್ದರೆ ಚಿಟಿಕೆಯಷ್ಟು ತೆಗೆದು ನಿಂಬೆರಸ ಹಿಂಡಿ. ಚುರ್ ಎಂದು ನೊರೆ ಎದ್ದರೆ ಧಾರಾಳವಾಗಿ ಬಳಸಿ. ವಿನೆಗರ್ ದಿನಸಿ ಅಂಗಡಿಯ ಬಿಳಿ ವಿನೆಗರ್ ಆದರೆ ಸಾಕು. ಅದರಲ್ಲಿ ಅಸಿಟಿಕ್ ಆಮ್ಲ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟು ಇರುತ್ತದೆ.

2. ಬಾಟಲಿ ಚಿಕ್ಕದಿರಲಿ, ಕತ್ತು ಕಿರಿದಿರಲಿ

ಉಕ್ಕಲಿಲ್ಲ ಎಂದು ಗೊಣಗುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಲೀಟರಿನ ಬಾಟಲಿಗೆ ಅರ್ಧ ಲೋಟ ವಿನೆಗರ್ ಹಾಕಿದರೆ ನೊರೆ ಮೇಲೇರುವ ಹೊತ್ತಿಗೆ ಸುಸ್ತಾಗಿ ಒಳಗೇ ಇಳಿದುಹೋಗುತ್ತದೆ. 200 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಅಗಲ ಬಾಯಿಯ ಲೋಟದಲ್ಲಿ ನೊರೆ ಹರಡುತ್ತದೆ, ಕಿರಿದಾದ ಕತ್ತಿನಲ್ಲಿ ಚಿಮ್ಮುತ್ತದೆ. ಗಾಜಿನ ಬಾಟಲಿ ಬೇಡ.

3. ಬೆಟ್ಟವನ್ನು ಮಗುವೇ ಕಟ್ಟಲಿ

ಗಣೇಶನ ಹಬ್ಬಕ್ಕೆ ತರುವಂಥ ಜೇಡಿಮಣ್ಣು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಾಟಲಿಯನ್ನು ಹಳೆಯ ತಟ್ಟೆಯ ನಡುವೆ ನಿಲ್ಲಿಸಿ, ಸುತ್ತ ಮಣ್ಣು ಮೆತ್ತುತ್ತ ಹೋಗಲಿ. ಬಾಯಿ ಮಾತ್ರ ಮುಚ್ಚಬಾರದು. ಬೆಟ್ಟ ಸೊಟ್ಟಗಾಯಿತೇ? ಆಗಲಿ. ನಿಜವಾದ ಬೆಟ್ಟಗಳೂ ನೆಟ್ಟಗಿಲ್ಲ. ನೀವು ಕೈ ಹಾಕಿ ತಿದ್ದಿದರೆ ಆ ಕ್ಷಣದಿಂದ ಅದು ನಿಮ್ಮ ಬೆಟ್ಟ.

4. ನೆಲ ನೋಡಿ ಕೂರಿಸಿ

ಅಮೃತಶಿಲೆಯ ನೆಲದ ಮೇಲಾಗಲಿ ಕಡಪ ಕಲ್ಲಿನ ಕಟ್ಟೆಯ ಮೇಲಾಗಲಿ ಈ ಪ್ರಯೋಗ ಬೇಡ. ಅಮೃತಶಿಲೆಯಲ್ಲೂ ಕಡಪದಲ್ಲೂ ಇರುವುದು ಸುಣ್ಣದ ಅಂಶವೇ. ವಿನೆಗರ್ ಬಿದ್ದ ಕಡೆ ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಅಂಗಳ, ಗ್ರಾನೈಟ್ ಅಥವಾ ಅಗಲವಾದ ಪರಾತ ಒಳ್ಳೆಯದು. ಮನೆ ಕಟ್ಟುವಾಗ ಉಳಿದ ಶಹಾಬಾದ್ ಕಲ್ಲಿನ ತುಂಡು ಮೂಲೆಯಲ್ಲೆಲ್ಲಾದರೂ ಬಿದ್ದಿದ್ದರೆ ಎಸೆಯಬೇಡಿ. ಅದರ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಮಕ್ಕಳಿಗೆ ಭೂತಗನ್ನಡಿ ಕೊಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಸುಣ್ಣಕಲ್ಲು, ಸೋಡಾದಿಂದ ಹೊರಡುವ ಅನಿಲವೇ ಕಲ್ಲಿನಿಂದಲೂ ಹೊರಡುತ್ತದೆ.

5. ನಾಲ್ಕು ಬೇಡಗಳು

ಬಾಟಲಿಗೆ ಬಿರಡೆ ಹಾಕಿ ಉಕ್ಕಿಸುವುದು ಬೇಡ. ಒತ್ತಡ ತುಂಬಿ ಸಿಡಿಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬೇಡ. ಬ್ಲೀಚ್ ಹತ್ತಿರವೂ ಇರಬಾರದು. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಹಿಂದೆ ಕೆಲವು ಪ್ರಯೋಗಾಲಯಗಳಲ್ಲಿ ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟಿಗೆ ಬೆಂಕಿ ಹಚ್ಚಿ ಹಸಿರು ಬೂದಿ ಉಗುಳುವ ಜ್ವಾಲಾಮುಖಿ ತೋರಿಸುತ್ತಿದ್ದರು. ಆ ಪುಡಿ ಕ್ಯಾನ್ಸರ್ ತರಬಲ್ಲದು. ಮಕ್ಕಳ ಬಳಿ ಅದರ ಸುಳಿವೂ ಬೇಡ. ಉಕ್ಕುವಾಗ ಯಾರೂ ಬಾಟಲಿಯ ಬಾಯಿಯ ಮೇಲೆ ಮುಖ ಒಡ್ಡಬಾರದು. ಕಣ್ಣಿಗೆ ವಿನೆಗರ್ ಸಿಡಿದರೆ ಉಜ್ಜದೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

6. ಅಂದಾಜು ಬಿಟ್ಟು ಅಳೆಯಿರಿ

ಜಾಸ್ತಿ ಸೋಡಾ ಹಾಕಿದರೆ ಜಾಸ್ತಿ ಉಕ್ಕುತ್ತದೆ ಎಂದು ಮಕ್ಕಳೂ ನಂಬುತ್ತಾರೆ, ದೊಡ್ಡವರೂ ನಂಬುತ್ತಾರೆ. ಹಾಗಿಲ್ಲ. ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ. ಅದು ಪೂರ್ತಿ ಕರಗಿ ಮುಗಿಯಬೇಕಾದರೆ ಶೇ. 4ರ ವಿನೆಗರ್ ಸುಮಾರು 90 ಮಿಲಿಲೀಟರ್ ಬೇಕು. ಸೋಡಾ ಅದಕ್ಕಿಂತ ಹೆಚ್ಚಾದರೆ ತಳದಲ್ಲಿ ಬೆಳ್ಳಗೆ ಕೂರುತ್ತದೆ. ಆ ಬಿಳುಪನ್ನು ಮಗುವಿಗೆ ತೋರಿಸಿ, 'ಇದ್ಯಾಕೆ ಹಾಗೇ ಉಳಿಯಿತು?' ಎಂದು ಕೇಳಿ ಸುಮ್ಮನಿರಿ. ಮಗುವೇ ಇನ್ನಷ್ಟು ವಿನೆಗರ್ ಸುರಿದು ನೋಡುತ್ತದೆ, ಮತ್ತೆ ಉಕ್ಕುತ್ತದೆ. ಹುಳಿ ಮುಗಿದಿತ್ತು, ಸೋಡಾ ಕಾಯುತ್ತಿತ್ತು ಎನ್ನುವುದು ಆಗ ತಾನಾಗಿ ಹೊಳೆಯುತ್ತದೆ. ಇನ್ನೊಂದು ಲೆಕ್ಕವನ್ನೂ ಹೇಳಿ: ಆ ಒಂದು ಚಮಚ ಸೋಡಾದಿಂದ ಹೊರಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 1.4 ಲೀಟರ್. 200 ಮಿಲಿಲೀಟರಿನ ಬಾಟಲಿಯಲ್ಲಿ ಅದು ಹಿಡಿಯುವುದಾದರೂ ಹೇಗೆ? ನೊರೆಯನ್ನು ನೂಕಿಕೊಂಡು ಹೊರಗೆ ಬರಲೇಬೇಕು.

7. ಪಾತ್ರೆ ತೊಳೆಯುವ ದ್ರವ ಎರಡೇ ಹನಿ

ಅದಿಲ್ಲದಿದ್ದರೆ ಗುಳ್ಳೆಗಳು ಮೇಲೆ ಬಂದು ತಟ್ಟನೆ ಒಡೆಯುತ್ತವೆ. ಸೋಪು ಇದ್ದರೆ ಗುಳ್ಳೆಯ ಗೋಡೆ ಗಟ್ಟಿಯಾಗಿ, ನೊರೆ ಲಾವಾದಂತೆ ದಪ್ಪಗೆ ಬೆಟ್ಟದ ಇಳಿಜಾರಿನಲ್ಲಿ ಹರಿಯುತ್ತದೆ. ಒಮ್ಮೆ ಸೋಪು ಹಾಕದೆ, ಒಮ್ಮೆ ಹಾಕಿ ಮಾಡಿಸಿ.

8. ಸುರಿಯುವ ಮುಂಚೆ ಊಹೆ ಬರೆಸಿ

ಒಂದು ಹಳೆಯ ನೋಟ್‌ಬುಕ್, ಒಂದು ಪೆನ್ಸಿಲ್. 'ಏನಾಗುತ್ತೆ ಅನ್ಸತ್ತೆ?' ಇಷ್ಟೇ ಪ್ರಶ್ನೆ. ಓದು ಬರಹ ಇನ್ನೂ ಬಾರದ ಮಗು ಚಿತ್ರ ಬಿಡಿಸಲಿ. ಊಹೆ ತಪ್ಪಾದರೆ ಅಳಿಸಲು ಬಿಡಬೇಡಿ. ಪಕ್ಕದಲ್ಲೇ ನಡೆದದ್ದನ್ನು ಬರೆಯಲಿ.

9. ಒಂದು ಸಲಕ್ಕೆ ಒಂದೇ ಬದಲಾವಣೆ

ಇದು ಈ ಪಟ್ಟಿಯ ಜೀವಾಳ. ಒಮ್ಮೆ ಉಕ್ಕಿದ ಮೇಲೆ ಮಕ್ಕಳು 'ಇನ್ನೊಂದ್ಸಲ! ಇನ್ನೊಂದ್ಸಲ!' ಎಂದು ಕುಣಿಯುತ್ತಾರಲ್ಲ, ಆಗ 'ಸರಿ, ಈ ಸಲ ಏನು ಬದಲಾಯಿಸೋಣ?' ಎಂದು ಕೇಳಿ. ವಿನೆಗರ್ ತಣ್ಣಗಿದ್ದರೆ? ಬೆಚ್ಚಗಿದ್ದರೆ? ಸೋಡಾವನ್ನು ತೆಳು ಟಿಶ್ಯೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಹಾಕಿದರೆ? (ಕಾಗದ ನೆನೆಯುವ ತನಕ ತಡವಾಗುತ್ತದೆ. ಆ ಎರಡು ಕ್ಷಣ ಮಕ್ಕಳು ಉಸಿರು ಬಿಗಿಹಿಡಿದು ಕೂರುವುದನ್ನು ನೋಡಬೇಕು.) ಎರಡು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇದನ್ನು ನೀವು ಹೇಳಿಕೊಡಬೇಕಾಗಿಲ್ಲ. ಒಮ್ಮೆ ಗೊಂದಲವಾದರೆ ಮಕ್ಕಳೇ ಹಿಡಿಯುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದ ಹುಡುಗಿಯೊಬ್ಬಳು ವಿನೆಗರ್ ಬೆರಳಿಗೆ ತಾಗಿಸಿ ಮೂಸಿ ನೋಡಿದಳು. 'ಅಂಕಲ್, ಇದು ಹುಳಿ ಅಲ್ವಾ? ಹುಳಿಗೇ ಉಕ್ಕೋದಾದ್ರೆ ಹುಣಸೆಹಣ್ಣಿಗೂ ಉಕ್ಬೇಕಲ್ವಾ?' ಅಂದಳು. ತಕ್ಷಣ ಅವರ ಮನೆಗೆ ಓಡಿ, ಸಾರಿಗೆಂದು ನೆನೆಹಾಕಿದ್ದ ಹುಣಸೆಹಣ್ಣನ್ನೇ ಬಟ್ಟಲಿನಲ್ಲಿ ತಂದಳು. ಕಿವುಚಿ, ಸೋಸಿ, ಸೋಡಾದ ಮೇಲೆ ಸುರಿದಳು. ಕಂದು ನೊರೆ ನಿಧಾನವಾಗಿ ಬಾಟಲಿಯ ಕತ್ತಿನವರೆಗೆ ಬಂದು ಒಂದು ಎಳೆಯಷ್ಟು ಹೊರಗೆ ಇಳಿಯಿತು. ವಿನೆಗರಿನ ಅಬ್ಬರ ಅದಕ್ಕಿರಲಿಲ್ಲ. ಆದರೆ ಆ ಹುಡುಗಿಯ ಮುಖ! ಅದು ಅವಳ ಸ್ವಂತ ಪ್ರಯೋಗ, ಯಾವ ಪುಸ್ತಕದಿಂದಲೂ ತಂದದ್ದಲ್ಲ. ಆಮೇಲೆ ನಿಂಬೆರಸ ಬಂತು, ಹುಳಿ ಮಜ್ಜಿಗೆ ಬಂತು, ಮಾವಿನಕಾಯಿ ರಸವೂ ಬಂತು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಎಂದು ನಾನು ಹೇಳಿದ್ದು ಕೊನೆಯಲ್ಲಿ, ಅವರೇ ಕೇಳಿದ ಮೇಲೆ. ಅದೇ ಸಂಜೆ ಮಂಗಳೂರು ಕಡೆಯ ಅಜ್ಜಿಯೊಬ್ಬರು ಗೋಳಿಬಜೆಗೆ ಹುಳಿ ಮೊಸರೂ ಸೋಡಾವೂ ಹಾಕಿ ಹಿಟ್ಟು ಕಲಸುತ್ತಿದ್ದರು. ಮಕ್ಕಳು ಪಾತ್ರೆಯೊಳಗೆ ಇಣುಕಿ 'ಅಜ್ಜಿ, ಇದೂ ಜ್ವಾಲಾಮುಖಿ!' ಎಂದು ಕೂಗಿದರು. ನಿಜ. ಗೋಳಿಬಜೆಯ ಒಳಗಿನ ಆ ಹತ್ತಿಯಂಥ ಮೆದು, ಈ ಗುಳ್ಳೆಗಳದ್ದೇ ಕೆಲಸ.

10. ಬಣ್ಣಕ್ಕೂ ಕೆಲಸ ಕೊಡಿ

ಕೃತಕ ಬಣ್ಣದ ಬದಲು ಅರಿಸಿನ ಹಾಕಿ. ಸೋಡಾಕ್ಕೆ ಸ್ವಲ್ಪ ನೀರು, ಚಿಟಿಕೆ ಅರಿಸಿನ ಬೆರೆಸಿ ಕಲಕಿದರೆ ಹಳದಿ ಕೆಂಪಿನತ್ತ ತಿರುಗುತ್ತದೆ. ವಿನೆಗರ್ ಸುರಿದೊಡನೆ ನೊರೆ ಮತ್ತೆ ಹಳದಿಯಾಗಿ ಉಕ್ಕುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುವ ಮನೆಗಳಲ್ಲಿ ಇದನ್ನು ಪ್ರತಿ ಶುಭಕಾರ್ಯದಲ್ಲೂ ನೋಡಿಯೇ ಇರುತ್ತಾರೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ರಸವೂ ಚೆಂದ: ಹುಳಿಗೆ ಗಾಢ ಗುಲಾಬಿ, ಸೋಡಾಕ್ಕೆ ಹಸಿರು. ಅರಿಸಿನದ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ, ಹಳೆಯ ಅಂಗಿ ತೊಡಿಸಿ.

11. ಕಾಣದ ಅನಿಲವನ್ನು ಕಾಣಿಸಿ, ತಂಪನ್ನು ಮುಟ್ಟಿಸಿ

ಉಕ್ಕಿದ ಕೂಡಲೇ ಬಾಟಲಿಯನ್ನು ಕೈಯಲ್ಲಿ ಹಿಡಿಸಿ. ತಣ್ಣಗಿರುತ್ತದೆ! ಈ ಕ್ರಿಯೆ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಜ್ವಾಲಾಮುಖಿ ಎಂದು ಹೆಸರಿಟ್ಟದ್ದು ತಣ್ಣಗಾದರೆ ಮಕ್ಕಳು ಬೆಕ್ಕಸಬೆರಗಾಗುತ್ತಾರೆ. ಇನ್ನು, ಒಂದು ದೊಡ್ಡ ಜಗ್ಗಿನಲ್ಲಿ ಸೋಡಾ, ವಿನೆಗರ್ ಬೆರೆಸಿ ನೊರೆ ಇಳಿದ ಮೇಲೆ, ದ್ರವ ಚೆಲ್ಲದಂತೆ ಜಗ್ಗನ್ನು ಉರಿಯುವ ಮೋಂಬತ್ತಿಯ ಮೇಲೆ ನಿಧಾನವಾಗಿ ವಾಲಿಸಿ. ಏನೂ ಸುರಿದಂತೆ ಕಾಣುವುದಿಲ್ಲ, ದೀಪ ಆರುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಅದಕ್ಕೇ ನೀರಿನಂತೆ ಕೆಳಗೆ ಸುರಿಯುತ್ತದೆ. ಮೋಂಬತ್ತಿ ಹಚ್ಚುವ ಕೆಲಸ ದೊಡ್ಡವರದು.

12. ಕೊನೆಗೆ ನಿಜ ಹೇಳಿ

ನಿಜವಾದ ಜ್ವಾಲಾಮುಖಿಯೊಳಗೆ ಸೋಡಾ ಇಲ್ಲ, ವಿನೆಗರ್ ಇಲ್ಲ. ಅಲ್ಲಿ ಕರಗಿದ ಬಂಡೆ ಇದೆ. ಕಪ್ಪು ಬಸಾಲ್ಟ್ ಆಗುವ ಲಾವಾದ ಬಿಸಿ 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಇಷ್ಟನ್ನು ಹೇಳದೆ ಬಿಟ್ಟರೆ ಬೆಟ್ಟದ ಹೊಟ್ಟೆಯಲ್ಲಿ ಸೋಡಾ ಇದೆ ಎಂದೇ ಮಗು ನಂಬಿಕೊಳ್ಳುತ್ತದೆ. ಹೋಲಿಕೆ ಇರುವುದು ಒಂದೇ ಕಡೆ, ಅದೂ ಬಹಳ ಮುಖ್ಯವಾದ ಕಡೆ: ಎರಡರಲ್ಲೂ ಒಳಗಿನದನ್ನು ಹೊರಗೆ ನೂಕುವುದು ಅನಿಲ. ಇದಕ್ಕೆ ಗೋಲಿ ಸೋಡಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗೋಲಿಯನ್ನು ಒತ್ತಿದೊಡನೆ ಒತ್ತಡ ಇಳಿಯುತ್ತದೆ, ಅದುವರೆಗೆ ಕರಗಿ ಕುಳಿತಿದ್ದ ಅನಿಲ ಗುಳ್ಳೆಯಾಗಿ ಬುಸ್ಸೆಂದು ಮೇಲೆ ನುಗ್ಗುತ್ತದೆ. ನೆಲದಾಳದ ಶಿಲಾರಸದಲ್ಲೂ ನೀರಾವಿ, ಕಾರ್ಬನ್ ಡೈಆಕ್ಸೈಡ್ ಹೀಗೆಯೇ ಕರಗಿರುತ್ತವೆ. ರಸ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗುಳ್ಳೆಗಳು ಏಳುತ್ತವೆ.

ಆಮೇಲೆ ನಕಾಶೆ ಬಿಚ್ಚಿ. ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಇದೆ. ಬಹುಕಾಲ ಮಲಗಿದ್ದದ್ದು 1991ರಲ್ಲಿ ಮತ್ತೆ ಎದ್ದಿತು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳನ್ನು ಮಕ್ಕಳು ಪ್ರವಾಸದಲ್ಲಿ ನೋಡಿದ್ದರೆ ನೆನಪಿಸಿ. ಅವು ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣಿದು ಕುಗ್ಗಿ ಬಿರಿದಾಗ ಮೂಡಿದ ಕಂಬಗಳು. ಇನ್ನು ಉತ್ತರ ಕರ್ನಾಟಕದ ದೊಡ್ಡ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಮೇಲೆಯೇ ಕುಳಿತಿದೆ. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಪ್ಪುಗಲ್ಲು ಅದೇ ಲಾವಾ.

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಪ್ರದರ್ಶನದಲ್ಲಿ ಬೆಟ್ಟದ ಬಣ್ಣಕ್ಕೆ ಅಂಕ ಕೊಡುವ ಮೊದಲು ಮಗುವಿನ ನೋಟ್‌ಬುಕ್ ಕೇಳಿ. ತಪ್ಪಿದ ಊಹೆಗಳು ಎಷ್ಟಿವೆ ನೋಡಿ. ವಿಜಯಪುರ, ಕಲಬುರಗಿ ಕಡೆಯ ಅಪ್ಪ ಅಮ್ಮಂದಿರಲ್ಲಿ ಇನ್ನೊಂದು: ಅಂಗಡಿಯಿಂದ ಜೇಡಿಮಣ್ಣು ತರಬೇಡಿ. ಹೊಲದ ಎರೆಮಣ್ಣನ್ನೇ ಒಂದು ಬುಟ್ಟಿ ತಂದು ಮಗುವಿನ ಮುಂದಿಡಿ. ಒಣಗಿದರೆ ಬಿರಿಯುತ್ತದೆ, ಬಿರಿಯಲಿ. ಆ ಕಪ್ಪು ಮಣ್ಣು ಹುಟ್ಟಿದ್ದೇ ಲಾವಾ ಕಲ್ಲು ಸವೆದು ಪುಡಿಯಾಗಿ.