ತಾರಸಿಯ ಪೆಟ್ಟಿಗೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಗಾಳಿ ಅಳೆಯುವ ಚಿಕ್ಕ ಪೆಟ್ಟಿಗೆ ಹಾಕಿಸಿದ್ದೇವೆ. ಅದು ತೋರಿಸುವ ನೈಟ್ರೋಜನ್ ಡೈಆಕ್ಸೈಡ್ ಪ್ರಮಾಣಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿಗೂ ತಾಳೆಯಾಗುವುದಿಲ್ಲ. ಯಾವುದು ಸರಿ?
– ಓದುಗರು, ಅನ್ನಪೂರ್ಣೇಶ್ವರಿ ನಗರ

ಉತ್ತರ: ಮೊದಲು ಅಳತೆಯ ಮಾನ ನೋಡಿ. ಪೆಟ್ಟಿಗೆ ಪಿಪಿಬಿಯಲ್ಲಿ, ಅಂದರೆ ನೂರು ಕೋಟಿಯಲ್ಲಿ ಎಷ್ಟು ಭಾಗ ಎಂದು, ತೋರಿಸುತ್ತಿರಬಹುದು; ನಮ್ಮ ರಾಷ್ಟ್ರೀಯ ಮಿತಿ ಇರುವುದು ಮೈಕ್ರೋಗ್ರಾಂನಲ್ಲಿ, 24 ಗಂಟೆಗಳ ಸರಾಸರಿ ಘನ ಮೀಟರಿಗೆ 80. ಈ ಅನಿಲದ 1 ಪಿಪಿಬಿ ಎಂದರೆ ಘನ ಮೀಟರಿಗೆ ಸುಮಾರು 1.88 ಮೈಕ್ರೋಗ್ರಾಂ. ಹಾಗಾಗಿ 40 ಪಿಪಿಬಿ ಕಂಡರೆ ಮಿತಿಯ ಅರ್ಧವಲ್ಲ, ಹೆಚ್ಚುಕಡಿಮೆ ಮಿತಿಯೇ.

ಎರಡನೆಯದು ಜಾಗ. ನಿಮ್ಮ ದಿಕ್ಕಿನಲ್ಲಿ ಮಂಡಳಿಯ ಅಳತೆ ಕೇಂದ್ರಗಳು ಸಾಣೇಗುರುವನಹಳ್ಳಿ, ಬಾಪೂಜಿನಗರ, ಮೈಸೂರು ರಸ್ತೆಯ ಮೈಲಸಂದ್ರದಲ್ಲಿವೆ. ಅಲ್ಲಿನ ವಾಹನ, ಗಾಳಿಯ ಓಟ ಬೇರೆ, ನಿಮ್ಮಲ್ಲಿನದು ಬೇರೆ.

ಮುಖ್ಯ ಕಾರಣ ಅಳೆಯುವ ವಿಧಾನ. ಕೇಂದ್ರದ ಯಂತ್ರ ಈ ಅನಿಲವನ್ನು ನೈಟ್ರಿಕ್ ಆಕ್ಸೈಡಾಗಿ ಬದಲಿಸಿ, ಅದು ಓಝೋನ್ ಜೊತೆ ವರ್ತಿಸುವಾಗ ಹೊಮ್ಮುವ ಬೆಳಕನ್ನು ಅಳೆಯುತ್ತದೆ. ಶುದ್ಧ ಗಾಳಿ ಹಾಯಿಸಿ ಸೊನ್ನೆಯನ್ನೂ, ಪ್ರಮಾಣ ಗೊತ್ತಿರುವ ಅನಿಲ ಹಾಯಿಸಿ ಮೇಲಿನ ಅಳತೆಯನ್ನೂ ಆಗಾಗ ಸರಿಪಡಿಸಬೇಕು. ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಿಸುವ ಹಾಗೆ.

ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ವಿದ್ಯುದ್ರಾಸಾಯನಿಕ ಕೋಶ. ಅನಿಲ ತಗುಲಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಅದು ಅಂಕಿಯಾಗಿಸುತ್ತದೆ. ಆದರೆ ಓಝೋನ್ ಬಂದರೂ ವಿದ್ಯುತ್ ಹುಟ್ಟುತ್ತದೆ. ಅದನ್ನು ತಡೆಯಲು ಕೆಲವು ಕೋಶಗಳಲ್ಲಿ ಸೋಸುಪದರ ಇರುತ್ತದೆ, ಅದೂ ಕ್ರಮೇಣ ಸವೆಯುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿ ಕಾದರೆ, ಅನಿಲ ಹೆಚ್ಚದಿದ್ದರೂ ಅಂಕಿ ಏರುಪೇರಾಗಬಹುದು. ಮಳೆಗಾಲದ ತೇವ ಇನ್ನೊಂದು ತೊಡಕು. ಪೆಟ್ಟಿಗೆಯ ಜೊತೆ ಬರುವ ಕಾರ್ಖಾನೆಯ ಪ್ರಮಾಣಪತ್ರಕ್ಕೆ ಈ ಬಿಸಿಲು ಮಳೆಯ ಲೆಕ್ಕ ಗೊತ್ತಿರುವುದಿಲ್ಲ.

ಇದಕ್ಕೆ ಮದ್ದು, ಮಂಡಳಿಯ ಅನುಮತಿ ಪಡೆದು ಪೆಟ್ಟಿಗೆಯನ್ನು ಕೆಲವು ವಾರ ಕೇಂದ್ರದ ಯಂತ್ರದ ಪಕ್ಕದಲ್ಲೇ ಇಡುವುದು. ಎರಡರ ಗಂಟೆವಾರು ಸರಾಸರಿಗಳನ್ನು ಹೋಲಿಸಿ, ಉಷ್ಣಾಂಶ ಮತ್ತು ತೇವಾಂಶವನ್ನೂ ಸೇರಿಸಿ ತಿದ್ದುಪಡಿ ಸೂತ್ರ ಕಟ್ಟಬೇಕು. ಸೂತ್ರ ಕಟ್ಟಲು ಬಳಸದ ದಿನಗಳ ಮೇಲೆ ಅದನ್ನು ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿದರೆ ಒಳ್ಳೆಯದು. ಕೋಶ ಬದಲಿಸಿದರೆ ಎಲ್ಲವೂ ಮತ್ತೆ ಮೊದಲಿನಿಂದ.

ಅಲ್ಲಿಯವರೆಗೆ ಮಿತಿ ಮೀರಿದೆಯೇ ಎಂಬ ಪ್ರಶ್ನೆಗೆ ಮಂಡಳಿಯ ಅಂಕಿಯನ್ನೇ ನೋಡಿ. ನಿಮ್ಮ ರಸ್ತೆಯಲ್ಲಿ ಬೆಳಗಿನ ದಟ್ಟಣೆಯ ಹೊತ್ತು ಹೆಚ್ಚೋ ಸಂಜೆಯದೋ ಎಂಬ ಅಂದಾಜಿಗೆ ಪೆಟ್ಟಿಗೆ ಸಾಕು. ಮಾರಿದವರನ್ನು ಒಂದು ಮಾತು ಕೇಳಿ: ಇದನ್ನು ಯಾವ ಕೇಂದ್ರದ ಪಕ್ಕದಲ್ಲಿ, ಯಾವ ತಿಂಗಳಲ್ಲಿ ಇಟ್ಟು ಪರೀಕ್ಷಿಸಿದ್ದೀರಿ?